ಹದಿನೇಳನೇ ಪೋಸ್ಟಿನ ಬಾವುಟದಕ್ಕ

ಬೆಳಗಿನ ಐದೂಮುಕ್ಕಾಲು. ಜೀಪು ಇಳಿಸಿ ಹೋದ ಜಾಗದಿಂದ ಹದಿನೇಳನೇ ಪೋಸ್ಟಿಗೆ ಇನ್ನೂ ಇಪ್ಪತ್ತು ನಿಮಿಷದ ನಡಿಗೆ. ದಾರಿ ಅನ್ನುವಂಥದ್ದೇನಿಲ್ಲ. ಬರಿಯ ಜಲ್ಲಿಕಲ್ಲಿನ ಬಯಲು, ಅದರ ಮೇಲೆ ನಿನ್ನೆ ಓಡಿದ ಕಾರುಗಳ ಚಕ್ರದ ಗೀರು. ಆ ಗೀರಿನ ಪಕ್ಕದಲ್ಲೇ ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟ ಹೆಂಗಸೊಬ್ಬರು ನಡೆದು ಬರುತ್ತಿದ್ದಾರೆ. ಕಂಕುಳಲ್ಲಿ ಸುತ್ತಿದ ಬಾವುಟಗಳು, ಬಲಗೈಯಲ್ಲಿ ಬೆಂಕಿ ಆರಿಸುವ ಸಿಲಿಂಡರು, ಬೆನ್ನಿಗೆ ಚೀಲ, ಸೊಂಟದಲ್ಲಿ ವಾಕಿಟಾಕಿ. ವಯಸ್ಸು ಐವತ್ತಾರು. ಸಿಲಿಂಡರಿನ ಭಾರಕ್ಕೆ ಒಂದು ಹೆಗಲು ತುಸು ವಾಲಿದೆ, ನಡಿಗೆ ಮಾತ್ರ ನೆಟ್ಟಗಿದೆ.

ನೆಲಕ್ಕೆ ಹೊಡೆದ ಗೂಟದ ಮೇಲೆ 17 ಎಂದು ಬರೆದಿದೆ. ಬಂದವರೇ ಸಾಮಾನು ಇಳಿಸಿ, ಒಂದು ಚಿಟಿಕೆ ಮಣ್ಣು ತೆಗೆದು ಗಾಳಿಗೆ ಬಿಡುತ್ತಾರೆ. ಮಣ್ಣು ಹಾರಿದ್ದು ಎಡಕ್ಕೆ. ಇವರು ಬಲಕ್ಕೆ ನಿಲ್ಲುತ್ತಾರೆ. ತಪ್ಪಿ ಎಡಕ್ಕೆ ನಿಂತರೆ ಮೊದಲ ಕಾರಿನ ಧೂಳಿನಲ್ಲಿ ಎರಡನೆಯದು ಕಾಣುವುದಿಲ್ಲ, ಇವರೂ ಅದಕ್ಕೆ ಕಾಣುವುದಿಲ್ಲ. ಕಾಲಿನಿಂದ ನಾಲ್ಕು ಕಲ್ಲು ಸರಿಸಿ ನಿಲ್ಲಲು ಜಾಗ ಮಾಡಿಕೊಂಡು ವಾಕಿಟಾಕಿಯಲ್ಲಿ ಎರಡೇ ಮಾತು ಹೇಳುತ್ತಾರೆ: "ಹದಿನೇಳು, ಸಿದ್ಧ." ಆ ಕಡೆಯಿಂದ ಬರುವುದೂ ಎರಡೇ: "ಸರಿ, ಹದಿನೇಳು." ಎಷ್ಟೋ ದಿನ ಸಂಜೆಯವರೆಗೆ ಇವರ ಕಿವಿಗೆ ಬಿದ್ದ ಮನುಷ್ಯರ ಮಾತು ಅಷ್ಟೇ.

ಊರೂರಿನ ರಸ್ತೆಯಿಲ್ಲದ ನೆಲದಲ್ಲಿ ವಿದ್ಯುತ್ ಕಾರುಗಳನ್ನು ಓಡಿಸುವ ಈ ಪಂದ್ಯಾವಳಿಗೆ ಐದು ವರ್ಷ ತುಂಬಿದೆ. ಇದೇ ಕೊನೆಯ ವರ್ಷ, ಇವತ್ತಿನದೇ ಕೊನೆಯ ದಿನ. ನೆಲ ಹಾಳಾಗಬಾರದೆಂದು ಮೊದಲಿನಿಂದಲೂ ಇಲ್ಲಿಗೆ ಪ್ರೇಕ್ಷಕರನ್ನು ಬಿಟ್ಟಿಲ್ಲ. ನೋಡುವವರು ಮನೆಯಲ್ಲಿ ಕೂತು ಟೀವಿಯಲ್ಲಿ ನೋಡಬೇಕು. ಹಾಗೆ ನೋಡಿದವರು ವರ್ಷ ವರ್ಷ ಕಡಿಮೆಯಾದರು. ಮುಂದಿನ ವರ್ಷದಿಂದ ಪಂದ್ಯವಿಲ್ಲ ಎಂಬ ಸುದ್ದಿ ಕೆಲಸಗಾರರಿಗೆ ತಲುಪಿದ್ದು ಫೋನಿಗೆ ಬಂದ ಒಂದು ಸಾಲಿನಲ್ಲಿ.

ಕಾರು ಓಡಿಸುವವರ ಹೆಸರು ಎಲ್ಲರಿಗೂ ಗೊತ್ತು. ಹಾದಿಯುದ್ದಕ್ಕೂ ಬಾವುಟ ಹಿಡಿದು ನಿಲ್ಲುವ ಹದಿನೇಳು ಮಂದಿಗೆ ಹೆಸರಿಲ್ಲ, ನಂಬರಿದೆ. ಇವರೊಬ್ಬರನ್ನು ಮಾತ್ರ ಎಲ್ಲರೂ 'ಬಾವುಟದಕ್ಕ' ಎಂದು ಕರೆಯುತ್ತಾರೆ. ಧೂಳು ಕೂತರೆ ಕೆಂಪು ಬಣ್ಣ ಮಂಕಾಗುತ್ತದೆ ಎಂದು ಪ್ರತಿ ಪಂದ್ಯವಾದ ಮೇಲೂ ಬಾವುಟಗಳನ್ನು ಮನೆಗೆ ಒಯ್ದು ಒಗೆಯುವವರು ಇವರೊಬ್ಬರೇ. ಕನ್ನಡಕದ ಅಂಗಡಿಯ ಮೇಲಿನ ಒಂದು ಕೋಣೆ ಇವರ ಮನೆ. ಕಿಟಕಿಯ ಹಗ್ಗದಲ್ಲಿ ಕೆಂಪು, ಹಳದಿ, ನೀಲಿ ಸಾಲಾಗಿ ಒಣಗುವುದನ್ನು ನೋಡಿ ಎದುರುಮನೆಯವರು ಒಮ್ಮೆ ಕೇಳಿದ್ದರಂತೆ, ನೀವು ಯಾವ ಪಕ್ಷ ಅಂತ. "ಎಲ್ಲಾ ಪಕ್ಷದವರನ್ನೂ ನಿಲ್ಲಿಸೋ ಪಕ್ಷ ಅಂದೆ," ಎನ್ನುತ್ತಾರೆ ಬಾವುಟದಕ್ಕ, ಮುಖದಲ್ಲಿ ನಗೆಯ ಸುಳಿವೂ ಇಲ್ಲದೆ.

ಇದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಅವರು ರೈಲ್ವೆ ಗೇಟು ಕಾದವರು. ಹತ್ತಿರದ ಮನೆ ಎಂದರೆ ಎರಡು ಮೈಲಿ ದೂರದ್ದು. ಗೇಟಿನ ಪಕ್ಕದ ಕೋಣೆಯಲ್ಲೇ ವಾಸ. ಮದುವೆಯಾದ ಎರಡನೇ ವರ್ಷ ಗಂಡ, ಈ ಬಿಕೋ ಅನ್ನುವ ಜಾಗದಲ್ಲಿ ನನ್ನ ಕೈಲಾಗದು ಎಂದು ಪೇಟೆಗೆ ಹೋದವನು ಅಲ್ಲೇ ನಿಂತ. ಆ ಬಗ್ಗೆ ಬಾವುಟದಕ್ಕ ಹಲ್ಲು ಕಡಿಯುವುದಿಲ್ಲ. "ಅವರಿಗೆ ಜನ ಬೇಕಿತ್ತು, ನಂಗೆ ಕೆಲಸ ಬೇಕಿತ್ತು. ಇಬ್ರದ್ದೂ ತಪ್ಪಿಲ್ಲ," ಎಂದಷ್ಟೇ ಹೇಳಿ ಮಾತು ಮುಗಿಸುತ್ತಾರೆ.

ಆಮೇಲೆ ಹಳಿಯ ಕೆಳಗೆ ರಸ್ತೆ ಕೊರೆದರು. ಗೇಟು ಬೇಡವಾಯಿತು, ಗೇಟು ಕಾಯುವವರೂ ಬೇಡವಾದರು. ಮಾಡಲು ಕೆಲಸವಿಲ್ಲದೆ ಕೂತಿದ್ದಾಗ ಪಂದ್ಯಕ್ಕೆ ಜನ ಬೇಕೆಂಬ ಪ್ರಕಟಣೆ ಕಣ್ಣಿಗೆ ಬಿತ್ತು. ಹಾದಿಯ ಉಸ್ತುವಾರಿ ನೋಡುವವರನ್ನು ಇಲ್ಲಿ ಎಲ್ಲರೂ ಮೇಸ್ತ್ರಿ ಅನ್ನುತ್ತಾರೆ. ದಪ್ಪ ದನಿಯ, ದೊಡ್ಡ ಮೈಯ ಮನುಷ್ಯ. ಅವರು ಕೇಳಿದ್ದು ಒಂದೇ ಪ್ರಶ್ನೆ, ಒಬ್ಬರೇ ಎಷ್ಟು ಹೊತ್ತು ಇರಬಲ್ಲಿರಿ ಎಂದು. "ಇಪ್ಪತ್ತೆರಡು ವರ್ಷ ಇದ್ದು ನೋಡಿದೀನಿ," ಎಂದರಂತೆ ಇವರು. ಮೇಸ್ತ್ರಿ ಕೂಡಲೇ ಮೇಲಂಗಿಯ ಅಳತೆ ಕೇಳಿದರು.

ಗೇಟಿನ ಕಿವಿ ಇಲ್ಲಿ ಕೆಲಸಕ್ಕೆ ಬರಲಿಲ್ಲ. ರೈಲು ಬರುವುದು ಹಳಿಗೆ ಮೊದಲೇ ಗೊತ್ತಾಗುತ್ತದೆ. ಪೆಟ್ರೋಲು ಕಾರಾದರೆ ಎರಡು ಗುಡ್ಡದಾಚೆಯಿಂದಲೇ ಕೂಗಿ ಹೇಳುತ್ತದೆ. ಇವು ಹಾಗಲ್ಲ. "ಕಳ್ಳಬೆಕ್ಕಿನ ತರ ಬರ್ತವೆ. ಸುಂಯ್ ಅಂತ ಸಣ್ಣ ದನಿ, ಹೊಟ್ಟೆಗೆ ಕಲ್ಲು ಬಡಿಯೋ ಸದ್ದು, ಅಷ್ಟೆ. ಅಷ್ಟು ಕೇಳಿಸೋ ಹೊತ್ತಿಗೆ ಕಾರು ಮುಖದ ಮುಂದೆ ಇರತ್ತೆ." ಹಾಗಾಗಿ ಕಣ್ಣನ್ನೇ ನೆಚ್ಚಬೇಕು. ದಿನಕ್ಕೆ ಐದು ಓಟ, ಓಟಕ್ಕೆ ಐದು ಕಾರು, ಕಾರಿಗೆ ಎರಡು ಸುತ್ತು. ಒಟ್ಟು ಐವತ್ತು ಸಲ ಅವರ ಮುಂದೆ ಕಾರು ಹಾಯುತ್ತದೆ, ಪ್ರತಿ ಸಲವೂ ಆರು ಸೆಕೆಂಡು. ಲೆಕ್ಕ ಹಾಕಿದರೆ ದಿನಕ್ಕೆ ಐದು ನಿಮಿಷದ ಕೆಲಸ. ಆ ಐದು ನಿಮಿಷಕ್ಕಾಗಿ ಹತ್ತು ಗಂಟೆ ನಿಲ್ಲಬೇಕು. ಕುರ್ಚಿ ಇಲ್ಲ, ಕೂತವರಿಗೆ ಏಳಲು ಬೇಕಾಗುವ ಎರಡು ಸೆಕೆಂಡು ಇಲ್ಲಿ ಬಹಳ ದೊಡ್ಡದು.

ಐದು ವರ್ಷದಲ್ಲಿ ಅವರು ಒಮ್ಮೆಯೂ ಓಟ ಶುರುವಾಗುವುದನ್ನು ನೋಡಿಲ್ಲ, ಮುಗಿಯುವುದನ್ನೂ ನೋಡಿಲ್ಲ. ಗೆದ್ದವರು ಯಾರೆಂದು ಗೊತ್ತಾಗುವುದು ಭಾನುವಾರ ತಂಗಿಯ ಫೋನು ಬಂದಾಗ. ಬೇರೆ ಊರಿನಲ್ಲಿರುವ ತಂಗಿ ಟೀವಿಯಲ್ಲಿ ಎಲ್ಲ ನೋಡಿ ವರದಿ ಒಪ್ಪಿಸುತ್ತಾಳೆ, ಜೊತೆಗೆ ಮೂಗೂ ಮುರಿಯುತ್ತಾಳೆ: ನೀನು ಬಟ್ಟೆ ಆಡಿಸ್ತೀಯ, ಅಷ್ಟೆ ತಾನೆ, ಅದಕ್ಕೆ ಯಾಕೆ ಆ ಬಿಸಿಲು.

ಬಟ್ಟೆ ಆಡಿಸಿದ್ದಕ್ಕೆ ಈ ವರ್ಷ ಏನಾಯಿತು ಎಂಬುದನ್ನು ಅವರು ತಂಗಿಗೆ ಹೇಳಿರಲಿಲ್ಲ.

ನಾಲ್ಕು ತಿಂಗಳ ಹಿಂದಿನ ಮಾತು; ಈ ಸಾಲಿನ ಮೊದಲ ಪಂದ್ಯ. ಆಗ ಅವರಿದ್ದದ್ದು ಒಂಬತ್ತನೇ ಪೋಸ್ಟಿನಲ್ಲಿ. ಎಲ್ಲಕ್ಕಿಂತ ಅಪಾಯದ ಜಾಗ ಅದು. ಮುಂದೆ ಒಂದು ದಿಬ್ಬ, ದಿಬ್ಬ ಹತ್ತಿದ ಕಾರು ಗಾಳಿಯಲ್ಲಿ ಹಾರಿ ಈಚೆಯ ತಗ್ಗಿಗೆ ಬೀಳುತ್ತದೆ, ಬಿದ್ದ ಕೂಡಲೇ ತಿರುವು. ಮೇಸ್ತ್ರಿ ಬೇಕೆಂದೇ ಇವರನ್ನು ಅಲ್ಲಿ ನಿಲ್ಲಿಸಿದ್ದರು. ಹತ್ತನೇ ಪೋಸ್ಟು ಕೂಗಿದರೆ ಕೇಳುವಷ್ಟು ಹತ್ತಿರ. ಅಲ್ಲಿದ್ದ ನಿವೃತ್ತ ಗಡಿಯಾರ ರಿಪೇರಿಯವರೂ ಇವರೂ ಮಧ್ಯಾಹ್ನ ಬ್ರೆಡ್ಡು, ಬೇಯಿಸಿದ ಮೊಟ್ಟೆ ಹಂಚಿಕೊಂಡು ತಿನ್ನುತ್ತಿದ್ದರು.

ಮೂರನೇ ಓಟ. ಮುಂದಿದ್ದ ಕಾರು ದಿಬ್ಬ ಹಾರಿ ಬಿದ್ದದ್ದು ಒಂದು ಪಕ್ಕಕ್ಕೆ. ಎರಡು ಪಲ್ಟಿ ಹೊಡೆದು, ತಗ್ಗಿನ ನಟ್ಟನಡುವೆ ನೆತ್ತಿ ಕೆಳಗಾಗಿ ನಿಂತಿತು. ಒಳಗೆ ಚಾಲಕಿ, ಬೆಲ್ಟಿನಲ್ಲಿ ಸಿಕ್ಕಿ ತಲೆಕೆಳಗಾಗಿ ನೇತಾಡುತ್ತಿದ್ದಾಳೆ. ವಿದ್ಯುತ್ ಕಾರು ಬಿದ್ದರೆ ಸುಮ್ಮನೆ ಮುಟ್ಟುವ ಹಾಗಿಲ್ಲ. ನೆತ್ತಿಯ ಮೇಲಿನ ದೀಪ ಹಸಿರಾಗಿದ್ದರೆ ಮುಟ್ಟಬಹುದು, ಕೆಂಪಾಗಿದ್ದರೆ ಮೈಯಲ್ಲಿ ಕರೆಂಟು ಹರಿಯುತ್ತಿದೆ ಎಂದರ್ಥ. ಆ ದೀಪ ಈಗ ಮಣ್ಣಿನೊಳಗಿದೆ. ಎದ್ದ ಧೂಳಿಗೆ ಹತ್ತನೇ ಪೋಸ್ಟು ಕಾಣುತ್ತಿಲ್ಲ. ಬಾವುಟದಕ್ಕ ವಾಕಿಟಾಕಿಯಲ್ಲಿ ಎರಡು ಸಲ ಕೂಗಿದರು. ಬಂದದ್ದು ಕರಕರ ಸದ್ದು ಮಾತ್ರ.

ನಿಯಮದ ಪ್ರಕಾರ ಪೋಸ್ಟಿನವರು ತಾವಾಗಿ ತೋರಿಸಬಹುದಾದದ್ದು ಹಳದಿ ಬಾವುಟ, ಎಂದರೆ ನಿಧಾನ. ಕೆಂಪು ತೋರಿಸಿ ಓಟವನ್ನೇ ನಿಲ್ಲಿಸುವ ಅಧಿಕಾರ ಕಂಟ್ರೋಲ್ ರೂಮಿನದು. "ಹಳದಿಗೆ ಅವರು ಕಾಲು ಸಡಿಲಿಸ್ತಾರೆ, ನಿಲ್ಸಲ್ಲ. ನಿಧಾನಕ್ಕೆ ಬಂದ್ರೂ ದಿಬ್ಬದ ಮೇಲಿಂದ ಬಿದ್ರೆ ಅವಳ ಮೇಲೇ ಬೀಳೋದು." ಇನ್ನೂ ಒಂದು ತೊಡಕಿತ್ತು. ತಗ್ಗಿನಲ್ಲಿ ನಿಂತು ಯಾವ ಬಣ್ಣ ಆಡಿಸಿದರೂ ದಿಬ್ಬದಾಚೆಯವರಿಗೆ ಕಾಣುವುದಿಲ್ಲ.

ಗೇಟಿನ ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯ ಗೇಟಿನವರೊಬ್ಬರು ಇವರಿಗೆ ಕಲಿಸಿದ್ದ ಪಾಠ ಒಂದಿದೆ: ಹಳಿ ಮೇಲೆ ಯಾರಾದರೂ ಸಿಕ್ಕಿಕೊಂಡರೆ ಅವರ ಕಡೆ ಓಡಬೇಡ, ರೈಲಿನ ಕಡೆ ಓಡು. ಬಾವುಟದಕ್ಕ ಕಾರಿಗೆ ಬೆನ್ನು ಹಾಕಿ, ಕೆಂಪು ಬಿಚ್ಚಿಕೊಂಡು, ಎಂಬತ್ತು ಹೆಜ್ಜೆ ದಿಬ್ಬದ ಮೇಲಕ್ಕೆ ಓಡಿದರು. ಬೆನ್ನಿಗೇ ಬರುತ್ತಿದ್ದ ಎರಡು ಕಾರುಗಳಿಗೆ ಎದುರಾಗಿ, ಹಾದಿಯ ಮಧ್ಯೆ ನಿಂತು ಆಡಿಸಿದರು. ಮೊದಲನೆಯದು ಅವರಿಂದ ಹತ್ತು ಹನ್ನೆರಡು ಹೆಜ್ಜೆ ದೂರದಲ್ಲಿ ನಿಂತಿತು. ಎರಡನೆಯದು ಅದರ ಪಕ್ಕಕ್ಕೆ ಜಾರಿ ನಿಂತಿತು, ದೂರದಲ್ಲಿದ್ದ ಉಳಿದವೂ ನಿಂತವು. ವೈದ್ಯರ ಗಾಡಿ ನಾಲ್ಕು ನಿಮಿಷದಲ್ಲಿ ಬಂತು. ಚಾಲಕಿಯ ಮಣಿಕಟ್ಟು ಉಳುಕಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ.

ಓಟವನ್ನು ಮತ್ತೆ ನಡೆಸಬೇಕಾಯಿತು. ಅದರಲ್ಲಿ ಹಿಂದೆ ಬಿದ್ದ ತಂಡವೊಂದು ದೂರು ಕೊಟ್ಟಿತು. ಟೆಂಟಿನೊಳಗೆ ಮೂವರ ಸಮಿತಿ ಬಾವುಟದಕ್ಕನನ್ನು ಕರೆಸಿ ಏಳು ನಿಮಿಷ ಮಾತಾಡಿಸಿತು. ಎಂಟನೆಯ ದಿನ ಎಚ್ಚರಿಕೆಯ ಪತ್ರ ಬಂತು. ಅದರಲ್ಲಿ ಎರಡು ಅಂಶ. ಒಂದು, ಅಪ್ಪಣೆಯಿಲ್ಲದೆ ಕೆಂಪು ತೋರಿಸಿದ್ದು. ಎರಡು, ಕಾರಿನಲ್ಲಿ ಮನುಷ್ಯರು ಸಿಕ್ಕಿಕೊಂಡಿರುವಾಗ ಜಾಗ ಬಿಟ್ಟು ಓಡಿಹೋದದ್ದು. ಎರಡನೆಯದಕ್ಕೆ ಆಧಾರ ಚಾಲಕಿಯ ಹೇಳಿಕೆ. ನಿಂತ ಕಾರುಗಳವರು ಕೆಂಪು ಕಂಡಿತು ಎಂದರೇ ಹೊರತು, ಆ ಧೂಳಿನಲ್ಲಿ ಹಿಡಿದವರು ಯಾರು, ಎಲ್ಲಿಂದ ಬಂದರು ಎಂದು ಯಾರಿಗೂ ಹೇಳಲಾಗಲಿಲ್ಲ.

"ಮೊದಲನೇದು ಒಪ್ಕೊಂಡೆ. ಕೆಂಪು ತೋರಿಸಿದ್ದು ಹೌದು, ಇನ್ನೊಂದ್ಸಲ ಆದ್ರೂ ಅದೇ ತೋರಿಸ್ತೀನಿ ಅಂದೆ," ಎನ್ನುತ್ತಾರೆ. ಎರಡನೆಯದರ ಬಗ್ಗೆ? ಬಾವುಟದ ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತಾರೆ. "ಒಂದ್ಸಲ ಹೇಳಿದೆ. ಬರ್ಕೊಂಡ್ರು. ಬರ್ಕೊಂಡಿದ್ದು ಬೇರೆ ಏನೋ."

ಅವರನ್ನು ತೆಗೆದುಹಾಕಿದರೆ ತಾನೂ ಹೊರಡುತ್ತೇನೆ ಎಂದು ಮೇಸ್ತ್ರಿ ಪಟ್ಟು ಹಿಡಿದರು. ಕೆಲಸ ಉಳಿಯಿತು, ಒಂಬತ್ತನೇ ಪೋಸ್ಟು ಉಳಿಯಲಿಲ್ಲ. ಮುಂದಿನ ಪಂದ್ಯದಿಂದ ಪ್ರತಿ ಊರಿನಲ್ಲೂ ಕಟ್ಟಕಡೆಯ ಹದಿನೇಳನೆಯದು. ಎಲ್ಲೇ ಆದರೂ ಅದು ಸಪಾಟು ನೆಲ, ನೇರ ದಾರಿ. ಅಲ್ಲಿ ಏನೂ ಆಗಲ್ಲ ಅಕ್ಕ, ಆರಾಮಾಗಿರಿ ಎಂದಿದ್ದರು ಮೇಸ್ತ್ರಿ, ಸಮಾಧಾನ ಮಾಡುವಂತೆ. ಏನೂ ಆಗದ ಜಾಗಕ್ಕೆ ತನ್ನನ್ನು ಹಾಕಿದ್ದಾರೆ ಎನ್ನುವುದು ಪತ್ರಕ್ಕಿಂತ ಆಳಕ್ಕೆ ಇಳಿಯಿತು. ಇಲ್ಲಿಂದ ಬೇರೆ ಯಾವ ಪೋಸ್ಟೂ ಕಾಣುವುದಿಲ್ಲ. ಮಧ್ಯಾಹ್ನ ನಿಂತುಕೊಂಡೇ ತಿನ್ನುತ್ತಾರೆ. ಅಭ್ಯಾಸಬಲದಿಂದ ಎರಡು ಮೊಟ್ಟೆ ಬೇಯಿಸಿ ತಂದ ದಿನಗಳೂ ಉಂಟಂತೆ.

ಕೊನೆಯ ದಿನವೂ ಹಾಗೇ ಸರಿಯುತ್ತದೆ. ಬಿಸಿಲು ಏರುತ್ತದೆ, ಕಲ್ಲು ಕಾಯುತ್ತದೆ, ಬೂಟಿನ ಅಡಿ ಬೆಚ್ಚಗಾಗುತ್ತದೆ. ಒಂದು, ಎರಡು, ಮೂರು, ನಾಲ್ಕು ಓಟ. ಸುಂಯ್ ಎಂದು ಬರುತ್ತವೆ, ಕಲ್ಲು ಚಿಮ್ಮಿಸಿ ಹೋಗುತ್ತವೆ. ಯಾವ ಚಾಲಕರೂ ಈ ಕಡೆ ತಲೆ ತಿರುಗಿಸುವುದಿಲ್ಲ, ತಿರುಗಿಸಲೂ ಬಾರದು. ಐದನೇ ಓಟದ ಕೊನೆಯ ಕಾರು ಹಾಯುವಾಗ ಮೂರು ಐವತ್ತು. ಅದರ ಧೂಳು ಪೂರ್ತಿ ನೆಲಕ್ಕಿಳಿಯುವವರೆಗೂ ಬಾವುಟದಕ್ಕ ಅದನ್ನೇ ನೋಡುತ್ತಾರೆ.

ಆಮೇಲೆ ವಾಕಿಟಾಕಿಯಲ್ಲಿ ಬಿಡುಗಡೆಯ ಕರೆಗಳು ಶುರು. ಒಂದು, ನೀವು ಹೊರಡಬಹುದು. ಎರಡು, ಹೊರಡಬಹುದು. ಹದಿನಾರರವರೆಗೆ ಬಂದು ಕರೆ ನಿಲ್ಲುತ್ತದೆ. ಯಾರದೋ ಕೈ ಗುಂಡಿಯ ಮೇಲೆಯೇ ಉಳಿದಿರಬೇಕು. ಕಂಟ್ರೋಲ್ ರೂಮಿನ ಚಪ್ಪಾಳೆ, ನಗು, ಕುರ್ಚಿ ಎಳೆದಾಡುವ ಸದ್ದು ಒಂದೆರಡು ನಿಮಿಷ ಇವರ ಸೊಂಟದಲ್ಲಿ ಕೇಳಿ ಬರುತ್ತದೆ. ಆಮೇಲೆ ಅದೂ ಇಲ್ಲ. "ಹದಿನೇಳು, ಇನ್ನೂ ಇದ್ದೀನಿ," ಎಂದು ಒಮ್ಮೆ ಹೇಳುತ್ತಾರೆ. ಉತ್ತರವಿಲ್ಲ. ಬಿಡುಗಡೆ ಸಿಗದೆ ಜಾಗ ಬಿಡುವ ಹಾಗಿಲ್ಲ. ಜಾಗ ಬಿಟ್ಟು ಓಡಿದವರು ಎಂದು ಒಮ್ಮೆ ಬರೆಸಿಕೊಂಡವರು ಈಗಂತೂ ಬಿಡುವವರಲ್ಲ. ಬಾವುಟ ಸುತ್ತಿಡದೆ, ನಿಂತಲ್ಲೇ ನಿಲ್ಲುತ್ತಾರೆ. ನಾಲ್ಕೂವರೆ. ಐದು. ನೆರಳು ಉದ್ದವಾಗುತ್ತಾ ಬಂದು ಗೂಟವನ್ನು ದಾಟುತ್ತದೆ.

ಐದೂವರೆಗೆ ದೂರದಲ್ಲಿ ಜೀಪು ಕಾಣುತ್ತದೆ. ಈ ಸಲ ಅದು ಇಪ್ಪತ್ತು ನಿಮಿಷದ ದೂರದಲ್ಲಿ ನಿಲ್ಲದೆ ಕಲ್ಲಿನ ಮೇಲೇ ಕುಲುಕುತ್ತಾ ಪೋಸ್ಟಿನವರೆಗೆ ಬರುತ್ತದೆ. ಓಡಿಸುತ್ತಿರುವವರು ಮೇಸ್ತ್ರಿ. ಪಕ್ಕದಲ್ಲಿ, ಪಂದ್ಯದ ಅಂಗಿಯ ತೋಳನ್ನು ಸೊಂಟಕ್ಕೆ ಕಟ್ಟಿಕೊಂಡ ಹೆಣ್ಣುಮಗಳು. ಆವತ್ತು ಕಾರಿನಲ್ಲಿ ನೇತಾಡುತ್ತಿದ್ದವಳು. ಇಳಿದು ಎದುರಿಗೆ ಬಂದು ನಿಲ್ಲುತ್ತಾಳೆ.

"ಮೊದಲನೇ ಪಂದ್ಯದಲ್ಲಿ ಒಂಬತ್ತರಲ್ಲಿ ಇದ್ದಿದ್ದು ನೀವೇನಾ?"

"ಹೌದು."

ಅವಳು ನಿಂತು ನಿಂತು ಹೇಳಿದ್ದು ಇಷ್ಟು. ಪಂದ್ಯ ಮುಗಿಯುತ್ತಿದೆಯೆಂದು ಐದು ವರ್ಷದ ಚಿತ್ರಗಳನ್ನು ಕೂಡಿಸಿ ಒಂದು ವಿದಾಯದ ವಿಡಿಯೊ ಮಾಡಿದ್ದರು. ನಿನ್ನೆ ಸಂಜೆ ಅದನ್ನು ಚಾಲಕರಿಗೆ ತೋರಿಸಿದರು. ಅದರಲ್ಲಿ ಟೀವಿಯಲ್ಲಿ ಎಂದೂ ಬಾರದ ಒಂದು ತುಣುಕಿತ್ತು, ಡ್ರೋನಿನಿಂದ ತೆಗೆದದ್ದು, ಧೂಳೇ ಹೆಚ್ಚು ಎಂದು ಆಗ ಪಕ್ಕಕ್ಕಿಟ್ಟದ್ದು. ಮಗುಚಿದ ತನ್ನ ಕಾರು, ಅದರಿಂದ ದೂರ ಹೋಗುತ್ತಿರುವ ಒಂದು ಕಿತ್ತಳೆ ಚುಕ್ಕೆ. ಆ ಚುಕ್ಕೆ ಎಲ್ಲಿಗೆ ಹೋಯಿತೆಂದು ನೋಡಲು ಮೂರು ಸಲ ಹಿಂದಕ್ಕೆ ಹಾಕಿಸಿದಳಂತೆ. ಅದು ಹೋಗಿ ನಿಂತದ್ದು ದಿಬ್ಬದ ಮೇಲೆ, ಬರುತ್ತಿದ್ದ ಕಾರುಗಳಿಗೆ ಎದುರಾಗಿ.

"ತಲೆಕೆಳಗಾಗಿ ನೇತಾಡ್ತಿದ್ದೆ. ನಂಗೆ ಕಂಡಿದ್ದು ಎರಡು ಬೂಟು. ನನ್ನ ಬಿಟ್ಟು ಓಡ್ತಾ ಇದ್ವು," ಎನ್ನುತ್ತಾಳೆ ಚಾಲಕಿ. "ನಾಲ್ಕು ತಿಂಗಳಿಂದ ಆ ಬೂಟಿಗೆ ಬೈತಾ ಇದೀನಿ."

ಬಾವುಟದಕ್ಕ ಬಗ್ಗಿ ತಮ್ಮ ಬೂಟು ನೋಡಿಕೊಳ್ಳುತ್ತಾರೆ. "ಓಡಿದ್ದು ನಿಜ ತಾನೆ. ನಿಮಗೆ ಕಂಡಿದ್ದು ನೀವು ಹೇಳಿದ್ರಿ," ಎಂದು ತಲೆಯೆತ್ತಿ, "ಬೂಟಿಗೆ ತಾನೆ ಬೈದಿದ್ದು, ಹೋಗಲಿ ಬಿಡಿ," ಎನ್ನುತ್ತಾರೆ. ಆ ಮಾತಿಗೆ ಚಾಲಕಿ ನಗಲು ಹೋಗಿ, ನಗು ಅರ್ಧಕ್ಕೇ ನಿಂತು, ಎರಡು ಕೈಯಲ್ಲೂ ಮುಖ ಮುಚ್ಚಿಕೊಳ್ಳುತ್ತಾಳೆ. ಏನು ಮಾಡಬೇಕೆಂದು ತಿಳಿಯದೆ ಬಾವುಟದಕ್ಕ ನೀರಿನ ಬಾಟಲಿ ಮುಂದೆ ಹಿಡಿಯುತ್ತಾರೆ. ಅವಳು ಕುಡಿದು ಮುಗಿಸಿದ ಮೇಲೆ, ಇವತ್ತು ಯಾರು ಗೆದ್ದರು ಎಂದು ಕೇಳುತ್ತಾರೆ. "ನಾವಲ್ಲ," ಎನ್ನುತ್ತಾಳೆ ಅವಳು.

ಸಮಿತಿಗೆ ಬರೆದು ಹೇಳಿಕೆ ತಿದ್ದಿಸುತ್ತೇನೆ ಎಂದು ಚಾಲಕಿ ಹಟ ಹಿಡಿಯುತ್ತಾಳೆ. ಮೇಸ್ತ್ರಿ ಆಗದೆಂದು ತಲೆಯಾಡಿಸುತ್ತಾರೆ. ಸಮಿತಿ ಇವತ್ತಿಗೆ ಮುಗಿಯಿತು; ಕಚೇರಿಯ ಮೇಜು ಕುರ್ಚಿಯೂ ಲಾರಿ ಹತ್ತಿವೆ. ಪತ್ರ ಕಳಿಸಿದರೆ ತೆಗೆದುಕೊಳ್ಳಲು ಯಾರೂ ಇಲ್ಲ. ಅವಳು ಕೇಳುವುದಿಲ್ಲ. ಓಟದ ವೇಳಾಪಟ್ಟಿಯ ಹಾಳೆ ತಿರುವಿ, ಜೀಪಿನ ಮೂತಿಯ ಮೇಲಿಟ್ಟುಕೊಂಡು ನಾಲ್ಕು ಸಾಲು ಬರೆದು, ಕೆಳಗೆ ಸಹಿ ಹಾಕಿ ಬಾವುಟದಕ್ಕನ ಕೈಗೇ ಕೊಡುತ್ತಾಳೆ. ಆಮೇಲೆ ಮೇಸ್ತ್ರಿ ಗಂಟಲು ಸರಿಮಾಡಿಕೊಂಡು, ಎದುರಿಗೇ ನಿಂತವರಿಗೆ ಕಂಟ್ರೋಲ್ ರೂಮಿನ ದನಿಯಲ್ಲಿ ಹೇಳುತ್ತಾರೆ: "ಹದಿನೇಳು, ನೀವು ಹೊರಡಬಹುದು." ಆಗ ಬಾವುಟ ಸುತ್ತುತ್ತಾರೆ ಬಾವುಟದಕ್ಕ.

ಆ ಭಾನುವಾರ ತಂಗಿಯ ಫೋನು ಬಂದಾಗ ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದರಂತೆ. ನಾಲ್ಕು ಸಾಲನ್ನೂ ಓದಿದರಂತೆ. ತಂಗಿ ಅದನ್ನು ಇನ್ನೊಮ್ಮೆ ಓದಿಸಿಕೊಂಡಳು. ಆಮೇಲೆ ಮುಂದಿನ ವಾರ ನಾನೇ ಬರ್ತೀನಿ ಎಂದಳು. ಇನ್ನೂ ಬಂದಿಲ್ಲ. ಅವಳಿಗೂ ಮನೆ ಇದೆ, ಕೆಲಸ ಇದೆ ಎಂದು ತಂಗಿಯ ಪರವಾಗಿ ಇವರೇ ವಾದಿಸುತ್ತಾರೆ.

ಕನ್ನಡಕದ ಅಂಗಡಿಯ ಮೇಲಿನ ಕೋಣೆಯಲ್ಲಿ ಈಗ ಕಿಟಕಿಯ ಹಗ್ಗ ಖಾಲಿ ಇದೆ. ಒಗೆದು ಮಡಚಿದ ಬಾವುಟಗಳನ್ನು ಹಿಂದಿರುಗಿಸಿ ಆಗಿದೆ. ಸ್ಟೂಲಿನ ಮೇಲೆ ಕೂತು ಮಾತಾಡುವಾಗಲೂ ಅವರ ಕಣ್ಣು ಆಗಾಗ ಬೀದಿಯ ತಿರುವಿಗೆ ಹೋಗಿ ಬರುತ್ತದೆ. "ಗೇಟಲ್ಲಿ ಇಪ್ಪತ್ತೆರಡು ವರ್ಷ, ಇಲ್ಲಿ ಐದು. ನಾನು ನಿಂತ ಜಾಗದಲ್ಲಿ ಒಂದೂ ಜೀವ ಹೋಗಿಲ್ಲ. ಅಷ್ಟು ಸಾಕು ನಂಗೆ," ಎನ್ನುತ್ತಾರೆ.

ಸಾಕು ಎಂದವರು ಸುಮ್ಮನೆ ಕೂತಿಲ್ಲ. ಎರಡು ಬೀದಿ ಆಚೆಯ ಶಾಲೆಯ ಮುಂದೆ, ಬೆಳಿಗ್ಗೆ ಮತ್ತು ಮಧ್ಯಾಹ್ನ ವಾಹನ ನಿಲ್ಲಿಸಿ ಮಕ್ಕಳನ್ನು ರಸ್ತೆ ದಾಟಿಸುವ ಕೆಲಸ ಖಾಲಿ ಇದೆಯೆಂದು ತಿಳಿದು ಹೋಗಿ ಕೇಳಿ ಬಂದಿದ್ದಾರೆ. ಸೋಮವಾರ ಉತ್ತರ ಹೇಳುತ್ತೇವೆ ಎಂದಿದ್ದಾರಂತೆ. ಸಿಕ್ಕರೆ ಸಾಕೆಂದು ಆಸೆ ಇದೆ, ಅದನ್ನು ಮುಚ್ಚಿಡುವುದೂ ಇಲ್ಲ.

"ಇನ್ನೂರು ಮಕ್ಕಳು, ಒಂದೇ ಸಮ ಗಲಾಟೆ, ಕಿವಿ ಕಿತ್ತು ಹೋಗತ್ತೆ, ಒಂದು ವಾರಕ್ಕೇ ತಲೆನೋವು ಬರತ್ತೆ ಅಂದ್ರು ಅಲ್ಲಿನ ಮೇಡಂ. ಬರಲಿ ಅಂದೆ."